ಪರೀಕ್ಷೆ ನನ್ನದು

ಜನವರಿ 8

ಮಾವನವರಿಗೆ,

ಸೊಸೆ ಕಾಗದ ಬರೆದಿದ್ದಾಳೆಂದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡಿ. ಎಲ್ಲರೂ ಚೆನ್ನಾಗಿದ್ದೇವೆ. ಫೋನು ಮಾಡೋಣವೆಂದರೆ ನಿಮಗೆ ಕೇಳಿಸುವುದಿಲ್ಲ. ನಲವತ್ತು ವರ್ಷ ಅಚ್ಚಿನ ಯಂತ್ರಗಳ ಪಕ್ಕದಲ್ಲಿ ಕೂತ ಕಿವಿಗೆ ನನ್ನ ಕೂಗು ಯಾವ ಮೂಲೆಗೆ? ಅದಕ್ಕೇ ಈ ಕಾಗದ.

ಆರು ವರ್ಷದಿಂದ ಸುಟ್ಟಗಾಯದ ವಾರ್ಡನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ, ನಿಮಗೆ ಗೊತ್ತು. ಹೆಸರು ಮಾತ್ರ ‘ತಾತ್ಕಾಲಿಕ ಮುಖ್ಯ ನರ್ಸ್’. ಸೆಪ್ಟೆಂಬರಿನಲ್ಲಿ ಬಂದ ಹೊಸ ಆಡಳಿತಾಧಿಕಾರಿ ಒಂದು ನೋಟಿಸು ಹಚ್ಚಿದ್ದಾರೆ. ವಾರ್ಡಿನ ಮುಖ್ಯಸ್ಥರಾಗಬೇಕಾದರೆ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಏಳು ಅಂಕ ಬರಬೇಕಂತೆ, ಮೇ ತಿಂಗಳೊಳಗೆ. ಬರದಿದ್ದರೆ ಬೇರೆಯವರನ್ನು ತಂದು ಕೂರಿಸುತ್ತಾರೆ. ಯಾರನ್ನು ಎಂಬುದೂ ಗೊತ್ತಾಗಿದೆ: ಹೋದ ವರ್ಷ ನಾನೇ ಕೈಹಿಡಿದು ಡ್ರೆಸ್ಸಿಂಗ್ ಕಟ್ಟಲು ಕಲಿಸಿದ ಹುಡುಗಿ. ಅವಳ ಇಂಗ್ಲಿಷ್ ನಲ್ಲಿಯ ನೀರಿನ ಹಾಗೆ ಹರಿಯುತ್ತದೆ.

ನನಗೆ ವಾರ್ಡಿನ ಇಂಗ್ಲಿಷ್ ಬರುತ್ತದೆ. ಡಾಕ್ಟರು ಅರ್ಧ ಹೇಳುವಷ್ಟರಲ್ಲಿ ಇನ್ನರ್ಧ ತಿಳಿಯುತ್ತದೆ. ಆದರೆ ಪರೀಕ್ಷೆಯಲ್ಲಿ ಕೊಡುವುದು ಉದ್ದುದ್ದ ಲೇಖನಗಳು. ಜೇನುನೊಣದ ಬಗ್ಗೆ, ಹಳೆಯ ಸೇತುವೆಗಳ ಬಗ್ಗೆ. ಮೂರು ಸಾವಿರ ಪದಗಳ ಪಟ್ಟಿಯ ಪುಸ್ತಕ ತಂದು ಬಾಯಿಪಾಠ ಮಾಡುತ್ತಿದ್ದೇನೆ. ‘ಸಿ’ ಅಕ್ಷರಕ್ಕೆ ಬರುವಷ್ಟರಲ್ಲಿ ‘ಎ’ ಅಳಿಸಿಹೋಗಿರುತ್ತದೆ.

ನೀವು ಇಂಗ್ಲಿಷ್ ಪತ್ರಿಕೆಯ ಕರಡು ತಿದ್ದುವವರು. ನಾಲ್ಕು ಒಳ್ಳೆಯ ಲೇಖನ ಆರಿಸಿ ಕಳಿಸಿದರೆ ಉಪಕಾರವಾಗುತ್ತದೆ. ನಾನು ಈ ಪರೀಕ್ಷೆಗೆ ಕೂರುತ್ತಿರುವುದು ಇದೇ ಮೊದಲು. ಇವರಿಗೂ ಹೇಳಿದ್ದೇನೆ, ಸರಿ ಎಂದಿದ್ದಾರೆ.

ನಿಮ್ಮ ಸೊಸೆ


ಜನವರಿ 17

ಸೊಸೆಗೆ,

ಆ ಪಟ್ಟಿಯ ಪುಸ್ತಕವನ್ನು ಮೊದಲು ಅಟ್ಟಕ್ಕೆ ಎಸೆ. ಪದಗಳು ಒಂಟಿಯಾಗಿ ಬದುಕುವುದಿಲ್ಲ. ನಮ್ಮಲ್ಲೇ ನೋಡು: ಹೊಟ್ಟೆ ಉರಿಯುತ್ತದೆ, ಗಂಟಲು ಕಟ್ಟುತ್ತದೆ, ಕಾಲು ಜೋಮು ಹಿಡಿಯುತ್ತದೆ. ಯಾರಾದರೂ ಗಂಟಲು ಜೋಮು ಹಿಡಿಯಿತು ಎಂದರೆ ನಗುತ್ತೀಯಲ್ಲವೆ? ಇಂಗ್ಲಿಷಿನಲ್ಲೂ ಅಷ್ಟೆ. ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’. ಯಾವ ಪದ ಯಾವುದರ ಜೊತೆ ಓಡಾಡುತ್ತದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ, ಲೇಖನ ಹೇಳುತ್ತದೆ.

ಹೀಗೆ ಮಾಡು. ಮೊದಲ ಸಲ ನಿಘಂಟು ಮುಟ್ಟದೆ ಕೊನೆಯವರೆಗೆ ಓದು. ಅರ್ಥವಾಗದಿದ್ದರೆ ಬಿಡು, ಪ್ರಾಣವೇನೂ ಹೋಗುವುದಿಲ್ಲ. ಎರಡನೆಯ ಸಲ, ಗೊತ್ತಿಲ್ಲದ ಪದ ಎರಡು ಕಡೆ ಬಂದರೆ ಮಾತ್ರ ಗೆರೆ ಎಳೆ. ಅರ್ಥ ಊಹಿಸಿ ಆಮೇಲೆ ನಿಘಂಟು ನೋಡು. ಮೂರನೆಯ ಸಲ ಓದಿ, ಗೆರೆ ಎಳೆದ ಪ್ರತಿ ಪದಕ್ಕೂ ನಿನ್ನ ವಾರ್ಡಿನದೇ ಒಂದು ವಾಕ್ಯ ಬರೆ. ನಿಘಂಟಿನ ವಾಕ್ಯ ಕದ್ದರೆ ನನಗೆ ಗೊತ್ತಾಗುತ್ತದೆ. ವಾಕ್ಯಗಳನ್ನು ಕಳಿಸು, ತಿದ್ದುತ್ತೇನೆ.

ನಾಲ್ಕು ಲೇಖನ ಇಟ್ಟಿದ್ದೇನೆ. ಕಾಗೆಗಳ ನೆನಪಿನ ಶಕ್ತಿ, ತುಕ್ಕು ಹಿಡಿದ ಸೇತುವೆ, ನಿದ್ದೆ, ದೊಡ್ಡ ಬೆಂಕಿಯೊಂದರ ನಂತರ ಮತ್ತೆ ಎದ್ದ ಒಂದು ಪೇಟೆ. ಕೊನೆಯದು ಕಷ್ಟ. ಮೊದಲು ಕಾಗೆ ಓದು.

ನನ್ನ ಮಗ ಸರಿ ಎಂದದ್ದು ಕೇಳಿ ಆಶ್ಚರ್ಯವಾಯಿತು. ಸಂತೋಷ.

ಮಾವ


ಫೆಬ್ರವರಿ 2

ಮಾವನವರಿಗೆ,

ನೀವು ಬೇಡವೆಂದದ್ದಕ್ಕೇ ಪೇಟೆಯ ಲೇಖನವನ್ನೇ ಮೊದಲು ಓದಿದೆ. ಮೂರು ದಿನ ಹಿಡಿಯಿತು. ಕಾಗೆಗಳು ಅದಾದ ಮೇಲೆ ಸಲೀಸು.

ಮಧ್ಯಾಹ್ನ ಎರಡಕ್ಕೆ ಡ್ರೆಸ್ಸಿಂಗ್ ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಸಿಗುತ್ತದೆ. ಹತ್ತಿ, ಗಾಜ್ ಬಟ್ಟೆ ಇಡುವ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಓದುತ್ತೇನೆ. ಉಳಿದವರಿಗೆ ತಮಾಷೆ. ‘ಮೇಡಂ ವಿದೇಶಕ್ಕೆ ಹೊರಟರು’ ಅನ್ನುತ್ತಾರೆ. ಏಳನೇ ಹಾಸಿಗೆಯಲ್ಲಿ ಒಬ್ಬ ಲೈನ್‌ಮ್ಯಾನ್ ಇದ್ದಾನೆ, ವಿದ್ಯುತ್ ಕಂಬದ ಮೇಲೆ ಎರಡೂ ಕೈ ಸುಟ್ಟುಕೊಂಡವನು. ಹೊತ್ತು ಹೋಗುವುದಿಲ್ಲ, ನನಗೂ ಓದಿ ಹೇಳಿ ಎಂದ. ಕಾಗೆ ತನ್ನನ್ನು ಹಿಡಿದವನ ಮುಖವನ್ನು ವರ್ಷಗಟ್ಟಲೆ ಮರೆಯುವುದಿಲ್ಲ ಎಂದು ಓದಿ ಹೇಳಿದೆ. ತಾನು ಕಂಬದ ಮೇಲಿದ್ದಾಗ ಕರೆಂಟು ಬಿಟ್ಟವನ ಮುಖ ತಾನೂ ಮರೆಯುವುದಿಲ್ಲ ಅಂದ.

ಇಪ್ಪತ್ತು ವಾಕ್ಯ ಇಟ್ಟಿದ್ದೇನೆ. ಒಂದರ ಬಗ್ಗೆ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಪೇಟೆಯ ಲೇಖನದಲ್ಲಿ ‘ರೆಸಿಲಿಯಂಟ್’ ಎಂಬ ಪದ ಐದು ಕಡೆ ಬಂದಿದೆ. ಬಗ್ಗಿಸಿದರೂ ಮೊದಲಿನ ಆಕಾರಕ್ಕೆ ಮರಳುವುದು ಎಂದು ನಿಘಂಟು ಹೇಳುತ್ತದೆ. ಸುಟ್ಟ ಚರ್ಮ ಮೊದಲಿನ ಆಕಾರಕ್ಕೆ ಮರಳುವುದಿಲ್ಲ, ಮಾವ. ಅದು ಬೇರೆಯದೇ ಚರ್ಮವಾಗಿ ಬೆಳೆದು ಕೆಲಸಕ್ಕೆ ನಿಲ್ಲುತ್ತದೆ. ಅದಕ್ಕೇ ನಾನು ಬರೆದಿರುವುದು: ‘ಮೈ ಪೇಶೆಂಟ್ಸ್ ಆರ್ ನಾಟ್ ರೆಸಿಲಿಯಂಟ್. ದೇ ಆರ್ ಸ್ಟಬರ್ನ್.’ ಹಟಮಾರಿಗಳು ಅವರು. ಇದನ್ನು ತಿದ್ದಿದರೆ ನಾನು ಒಪ್ಪುವುದಿಲ್ಲ.

ನಿಮ್ಮ ಸೊಸೆ


ಫೆಬ್ರವರಿ 12

ಸೊಸೆಗೆ,

ಇಪ್ಪತ್ತರಲ್ಲಿ ಮೂರು ಸರಿ. ಉಳಿದವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದೇನೆ, ನೋಡಿದರೆ ಎದೆ ಒಡೆದುಕೊಳ್ಳಬೇಡ. ‘ದಿ’ ಎಂಬುದನ್ನು ಸಾರಿಗೆ ಉಪ್ಪು ಹಾಕಿದ ಹಾಗೆ ಕೈಗೆ ಬಂದಷ್ಟು ಉದುರಿಸಿದ್ದೀ. ಹನ್ನೊಂದನೆಯ ವಾಕ್ಯದಲ್ಲಿ ಗಾಯವನ್ನು ‘ಕ್ಯೂರ್’ ಮಾಡಿದ್ದೀ. ಗಾಯಕ್ಕೆ ‘ಹೀಲ್’, ಕಾಯಿಲೆಗೆ ‘ಕ್ಯೂರ್’. ನರ್ಸ್ ಆಗಿ ಇದನ್ನು ತಪ್ಪಬಾರದಿತ್ತು.

ರೆಸಿಲಿಯಂಟ್ ವಾಕ್ಯವನ್ನು ನಾಲ್ಕು ಸಲ ಓದಿದೆ. ಪೆನ್ನು ಕೈಯಲ್ಲೇ ಇತ್ತು. ಮುಟ್ಟಲು ಏನೂ ಸಿಗಲಿಲ್ಲ. ಆ ಲೇಖನ ಬರೆದವನಿಗಿಂತ ಆ ಪದ ನಿನಗೇ ಚೆನ್ನಾಗಿ ಗೊತ್ತು.

ಇನ್ನೂ ಆರು ಲೇಖನ ಇಟ್ಟಿದ್ದೇನೆ.

ಮಾವ


ಮಾರ್ಚ್ 1

ಸೊಸೆಗೆ,

ಉತ್ತರವಿಲ್ಲ. ಕೆಲಸದ ಒತ್ತಡವಿರಬಹುದು. ಅಥವಾ ತಿದ್ದಿದ್ದು ಹೆಚ್ಚಾಯಿತೇನೋ. ಹೋದ ವಾರವೂ ಮೂರು ಲೇಖನ ಕಳಿಸಿದ್ದೆ.

ಈಗ ಇನ್ನೆರಡು ಇಟ್ಟಿದ್ದೇನೆ, ಸುಲಭದವು. ವಾಕ್ಯ ಬರೆಯದಿದ್ದರೂ ಪರವಾಗಿಲ್ಲ, ಓದು. ಓದುವುದನ್ನು ಮಾತ್ರ ನಿಲ್ಲಿಸಬೇಡ.

ಮಾವ


ಮಾರ್ಚ್ 20

ಮಾವನವರಿಗೆ,

ಏಳು ವಾರ ಕಾದೆ. ನನ್ನ ಇಪ್ಪತ್ತು ವಾಕ್ಯಗಳಿಗೆ ಒಂದು ಸಾಲಿನ ಉತ್ತರವೂ ಬರಲಿಲ್ಲ. ಓದಿ, ಇವಳಿಂದ ಆಗದ ಕೆಲಸ ಎಂದುಕೊಂಡಿರಿ ಅಂತ ಕಾಣುತ್ತದೆ. ಹಾಗಿದ್ದರೆ ಹಾಗೆಂದೇ ಬರೆದುಬಿಡಬಹುದಿತ್ತು. ಸುಮ್ಮನಿರುವುದು ನಿಮ್ಮಂಥವರಿಗೆ ಶೋಭಿಸುವುದಿಲ್ಲ.

ಈಗ ಸುಳ್ಳಿನ ಹಂಗೂ ಇಲ್ಲ, ಹೇಳಿಬಿಡುತ್ತೇನೆ. ಇದು ನನ್ನ ಮೊದಲ ಪರೀಕ್ಷೆಯಲ್ಲ. ನವೆಂಬರಿನಲ್ಲಿ ಯಾರಿಗೂ ಹೇಳದೆ ಕೂತಿದ್ದೆ. ಐದೂವರೆ ಬಂತು. ಆ ಕಾಗದವನ್ನು ಸಮವಸ್ತ್ರದ ಜೇಬಿನಲ್ಲಿಟ್ಟುಕೊಂಡು ಹದಿನೈದು ದಿನ ಓಡಾಡಿದೆ, ಕೊನೆಗೆ ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟೆ.

ನಾನು ಓದು ನಿಲ್ಲಿಸಿಲ್ಲ. ಡಾಕ್ಟರುಗಳ ಕೋಣೆಯಲ್ಲಿ ಎಸೆಯುವ ಹಳೆಯ ಪತ್ರಿಕೆಗಳನ್ನು ಆಯಾ ನನಗಾಗಿ ತೆಗೆದಿಡುತ್ತಾಳೆ. ಚಹಾದ ಕಲೆಯ ಕೆಳಗೆ ಏನಿದೆ ಎಂದು ಊಹಿಸಿ ಓದುತ್ತೇನೆ. ಅದೂ ಒಂದು ಅಭ್ಯಾಸವೇ. ವಾಕ್ಯಗಳನ್ನು ಲೈನ್‌ಮ್ಯಾನಿಗೆ ಓದಿ ಹೇಳುತ್ತೇನೆ. ಅವನಿಗೆ ಇಂಗ್ಲಿಷ್ ಬಾರದು, ಆದರೆ ನಾನು ತಡವರಿಸಿದರೆ ಹುಬ್ಬು ಏರಿಸುತ್ತಾನೆ.

ಏಪ್ರಿಲ್ 18ಕ್ಕೆ ಪರೀಕ್ಷೆ. ನೀವು ಕಳಿಸಿದರೂ ಸರಿ, ಬಿಟ್ಟರೂ ಸರಿ, ಕೂರುತ್ತೇನೆ.

ನಿಮ್ಮ ಸೊಸೆ


ಮಾರ್ಚ್ 27

ಸೊಸೆಗೆ,

ಇದನ್ನು ಮನೆಗೆ ಕಳಿಸದೆ ಆಸ್ಪತ್ರೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಕಾರಣ ಮುಂದೆ ಓದಿದರೆ ತಿಳಿಯುತ್ತದೆ.

ಫೆಬ್ರವರಿ 2ರ ನಿನ್ನ ಕಾಗದಕ್ಕೆ ನಾನು ಹತ್ತು ದಿನದಲ್ಲೇ ಉತ್ತರ ಬರೆದೆ. ಆಮೇಲೆ ಇನ್ನೂ ಮೂರು ಬರೆದೆ. ನಾಲ್ಕು ಲಕೋಟೆ, ಹದಿನಾಲ್ಕು ಲೇಖನ. ನಿನಗೆ ಸಿಟ್ಟು ಬಂದಿದೆ ಎಂದುಕೊಂಡೆ. ನನ್ನ ಕೆಂಪು ಶಾಯಿಗೆ ಸಿಟ್ಟಾಗಿ ಮಾತು ಬಿಟ್ಟವರು ಹಿಂದೆಯೂ ಒಬ್ಬರಿದ್ದರು.

ಕಾಗದಗಳು ಎಲ್ಲಿ ಹೋಗಿವೆ ಎಂದು ನನಗೆ ತಿಳಿಯುತ್ತಿದೆ. ನನ್ನ ಮಗನನ್ನು ಬೈಯಬೇಡ. ಅವನಿಗೆ ಹನ್ನೊಂದು ವರ್ಷವಿದ್ದಾಗ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ತಂದು ತೋರಿಸಿದ, ಬಸ್ಸಿನ ಮೇಲೆ. ಬಸ್ಸೆಂದರೆ ಆಗಲೇ ಅವನಿಗೆ ಪ್ರಾಣ. ನಾನು ತಿದ್ದಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಒಂದು ಪುಟದಲ್ಲಿ ಐವತ್ಮೂರು ತಪ್ಪು ಎಂದು ಮೇಲೆ ಬರೆದು ಪ್ರೆಸ್ಸಿನ ಗೋಡೆಗೆ ಅಂಟಿಸಿದೆ. ಅಚ್ಚುಮೊಳೆ ಜೋಡಿಸುವವರೆಲ್ಲ ಓದಿ ನಕ್ಕರು. ಅವನು ಊಟದ ಡಬ್ಬಿ ತಂದಿದ್ದ, ಬಾಗಿಲಲ್ಲಿ ನಿಂತು ಎಲ್ಲ ನೋಡಿದ. ಅಂದಿನಿಂದ ಇಂದಿನವರೆಗೆ ನನ್ನ ಕಣ್ಣೆದುರು ಒಂದಕ್ಷರ ಬರೆದಿಲ್ಲ.

ಐದೂವರೆಯನ್ನು ಯಾಕೆ ಬಚ್ಚಿಟ್ಟೆ ಎಂದು ನಾನು ಕೇಳುವುದಿಲ್ಲ. ಕೇಳುವ ಯೋಗ್ಯತೆ ನನಗಿಲ್ಲ.

ಮಾವ


ಏಪ್ರಿಲ್ 4

ಮಾವನವರಿಗೆ,

ಬೈಯಬೇಡ ಎಂದಿರಿ. ಬೈಯಲಿಲ್ಲ. ಆದರೆ ಬಿಡಲೂ ಇಲ್ಲ.

ಭಾನುವಾರ ಇವರು ಹಿತ್ತಲಲ್ಲಿ ಸ್ಕೂಟರು ಬಿಚ್ಚಿಕೊಂಡು ಕೂತಿದ್ದರು. ಎದುರಿಗೆ ಹೋಗಿ ಕೂತು, ಕಾಗದಗಳೆಲ್ಲಿ ಎಂದು ಕೇಳಿದೆ. ಇಲ್ಲ ಅನ್ನಲಿಲ್ಲ. ಸ್ಪ್ಯಾನರ್ ಒರೆಸುತ್ತಾ ಹೇಳಿದರು:

“ಪರೀಕ್ಷೆ ಬೇಕಾದ್ರೆ ಬರಿ, ಆದ್ರೆ ಅಪ್ಪನ ಕೆಂಪು ಶಾಯಿ ಈ ಮನೆಗೆ ಬರೋದು ಬೇಡ ಅಂತ ಆವತ್ತೇ ಹೇಳಿದ್ನಲ್ಲ.”

ಹೇಳಿದ್ದು ನಿಜ. ಅದನ್ನು ನಿಮಗೆ ಬರೆಯದೆ ‘ಸರಿ ಎಂದಿದ್ದಾರೆ’ ಎಂದು ಮಾತ್ರ ಬರೆದಿದ್ದೆ. ನನ್ನ ತಪ್ಪು.

“ಹೇಳಿದ್ರಿ. ನಾನು ಒಪ್ಪಿರಲಿಲ್ಲ,” ಅಂದೆ.

“ನಿನ್ನನ್ನೂ ಗೋಡೆಗೆ ಅಂಟಿಸ್ತಾರೆ. ನಾನು ನೋಡಿದೀನಿ. ಆರು ವರ್ಷ ವಾರ್ಡ್ ನಡೆಸ್ದೋಳು, ನಿಂಗ್ಯಾಕೆ ಅದು?”

ಆಗ ತಿಳಿಯಿತು. ನನ್ನನ್ನು ತಡೆಯಲು ಬಚ್ಚಿಟ್ಟಿರಲಿಲ್ಲ ಇವರು. ನನ್ನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದರು. ಕೋಪ ಅರ್ಧ ಇಳಿಯಿತು. ಇನ್ನರ್ಧ ಇಟ್ಟುಕೊಂಡೇ ಹೇಳಿದೆ: “ನಿಮ್ಮಪ್ಪ ನಿಮ್ಗೆ ಮಾಡಿದ್ದು ಅನ್ಯಾಯ. ಅದು ನಿಮ್ಮಿಬ್ಬರದು. ಪರೀಕ್ಷೆ ನನ್ನದು. ನಂಗೆ ಬಂದ ಕಾಗದ ನಂಗೆ ಕೊಡಿ.”

ಎದ್ದು ಹೋಗಿ ಉಪಕರಣದ ಪೆಟ್ಟಿಗೆಯ ತಳದಿಂದ ನಾಲ್ಕು ಲಕೋಟೆ ತಂದಿಟ್ಟರು. ಒಂದನ್ನೂ ಒಡೆದಿರಲಿಲ್ಲ. ಗ್ರೀಸ್ ತಾಗದಿರಲೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು. ನಿಮ್ಮ ಮೊದಲ ಲಕೋಟೆ ಅಂಚೆಯವನಿಂದ ನೇರ ನನ್ನ ಕೈಗೆ ಬಂದಿತ್ತು, ಆಮೇಲಿನವೆಲ್ಲ ಇವರ ಕೈಗೆ.

ನಿಮ್ಮ ತಿದ್ದುಪಡಿಗಳನ್ನು ಒಂದೂ ಬಿಡದೆ ನೋಡಿದೆ. ಒಂದೆರಡು ಕಡೆ ಕಣ್ಣು ಒದ್ದೆಯಾಯಿತು, ಒಂದೆರಡು ಕಡೆ ಹಲ್ಲು ಕಡಿದೆ. ಎಲ್ಲವನ್ನೂ ಮತ್ತೆ ಬರೆದು, ಹೊಸದಾಗಿ ಇಪ್ಪತ್ತು ವಾಕ್ಯ ಸೇರಿಸಿದ್ದೇನೆ. ತಿದ್ದಿ ಕಳಿಸಿ, ಎಷ್ಟು ಬೇಕಾದರೂ ಕೆಂಪು ಮಾಡಿ. ನಾನು ಹನ್ನೊಂದು ವರ್ಷದವಳಲ್ಲ, ತಡೆದುಕೊಳ್ಳುತ್ತೇನೆ. ಆದರೆ ಮಾವ, ಆ ಹನ್ನೊಂದು ವರ್ಷದವನಿಗೆ ನೀವು ಒಂದು ಕಾಗದ ಬರೆಯಬೇಕು. ನನ್ನ ಮೂಲಕ ಹೇಳಿ ಕಳಿಸಬೇಡಿ. ನಾನು ಇಬ್ಬರ ನಡುವಿನ ಅಂಚೆಯವಳಲ್ಲ.

ಮೊನ್ನೆ ಆಡಳಿತಾಧಿಕಾರಿ ಕರೆಸಿದ್ದರು. ವಾರ್ಡಿನ ಔಷಧದ ಬೀರುವಿನ ಬೀಗದಕೈಯನ್ನು ಈಗಲೇ ಹೊಸ ಹುಡುಗಿಗೆ ಕೊಟ್ಟುಬಿಡಿ, ಅಭ್ಯಾಸವಾಗಲಿ ಎಂದರು. ಬರಹದಲ್ಲಿ ಆದೇಶ ಕೊಡಿ, ಕೊಡುತ್ತೇನೆ ಎಂದೆ. ಬರೆದುಕೊಡಲಿಲ್ಲ. ಬೀಗದಕೈ ನನ್ನ ಸೊಂಟದಲ್ಲೇ ಇದೆ.

ನಿಮ್ಮ ಸೊಸೆ


ಏಪ್ರಿಲ್ 12

ಸೊಸೆಗೆ,

ನಲವತ್ತು ವಾಕ್ಯದಲ್ಲಿ ಮೂವತ್ತೊಂದು ಸರಿ. ಉಳಿದ ಒಂಬತ್ತಕ್ಕೆ ಹೆದರಬೇಡ.

ಪರೀಕ್ಷೆಯಲ್ಲಿ ದೊಡ್ಡ ಪದ ಹುಡುಕಿಕೊಂಡು ಹೋಗಬೇಡ. ಯಾವ ಪದದ ಜೊತೆ ನೀನು ಒಂದು ತಿಂಗಳಾದರೂ ಓಡಾಡಿದ್ದೀಯೋ ಅದನ್ನು ಮಾತ್ರ ಬಳಸು.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ನಾನು ನಲವತ್ತು ವರ್ಷ ಬೇರೆಯವರ ಇಂಗ್ಲಿಷನ್ನು ತಿದ್ದಿದೆ. ನನ್ನದೇ ಅಂತ ಒಂದು ಪುಟವನ್ನೂ ಬರೆದಿಲ್ಲ. ಚಿಕ್ಕವನಿದ್ದಾಗ ಒಂದು ಸಲ ಕೂತೆ, ಧೈರ್ಯ ಸಾಲಲಿಲ್ಲ. ಬರೆದರೆ ಯಾರೋ ತಿದ್ದುತ್ತಾರಲ್ಲ. ಆ ಹನ್ನೊಂದು ವರ್ಷದವನು ಅಂದು ಮಾಡಿದ್ದು ನನ್ನಿಂದ ಎಂದೂ ಆಗದ ಕೆಲಸ. ಇದನ್ನು ಅವನಿಗೂ ಬರೆದಿದ್ದೇನೆ, ಬೇರೆ ಲಕೋಟೆಯಲ್ಲಿ, ಅವನು ಕೆಲಸ ಮಾಡುವ ಬಸ್ ಡಿಪೋದ ವಿಳಾಸಕ್ಕೆ. ಓದುತ್ತಾನೋ ಇಲ್ಲವೋ.

18ನೇ ತಾರೀಕು ಹೊಟ್ಟೆ ತುಂಬ ತಿಂದು ಹೋಗು.

ಮಾವ


ಮೇ 16

ಮಾವನವರಿಗೆ,

ಓದುವುದರಲ್ಲಿ ಎಂಟು. ಕೇಳುವುದರಲ್ಲಿ ಏಳು, ಮಾತಿನಲ್ಲಿ ಏಳು. ಬರೆಯುವುದರಲ್ಲಿ ಆರೂವರೆ.

ಅರ್ಧ ಅಂಕ. ಆಡಳಿತಾಧಿಕಾರಿ ಕಾಗದ ನೋಡಿ, ಪಾಪ, ಇನ್ನೊಂದು ಚೂರು ಇತ್ತಲ್ಲ ಎಂದು ನಾಲಿಗೆ ಲೊಚಗುಟ್ಟಿದರು. ನಾಲ್ಕರಲ್ಲೂ ಏಳೇಳು ಬರಬೇಕಿತ್ತಂತೆ, ಸೋಮವಾರ ವಾರ್ಡು ಒಪ್ಪಿಸಬೇಕಂತೆ. ತಲೆಯಾಡಿಸಿ ಬಂದೆ. ಬರುವಾಗ ಹಲಗೆಯ ಮೇಲಿದ್ದ ನೋಟಿಸಿನ ಒಂದು ಪ್ರತಿ ಕೇಳಿ ತಂದೆ. ಸೆಪ್ಟೆಂಬರಿನಲ್ಲಿ ಅದನ್ನು ಎಲ್ಲರೂ ಹೇಳಿದ್ದು ಕೇಳಿ ನಂಬಿದ್ದೆ. ಇಂಗ್ಲಿಷಿನಲ್ಲಿದೆ ಎಂದು ನಾನೇ ಓದಿರಲಿಲ್ಲ.

ಮನೆಯಲ್ಲಿ ಮೇಜಿನ ಮೇಲೆ ಹರಡಿಕೊಂಡು ನೀವು ಹೇಳಿದಂತೆ ಓದಿದೆ. ಒಂದು ಸಲ, ಎರಡು ಸಲ. ಒಂದು ಪದದ ಹತ್ತಿರ ಗೆರೆ ಎಳೆದೆ. ‘ಆ್ಯನ್ ಓವರಾಲ್ ಸ್ಕೋರ್ ಆಫ್ ಸೆವೆನ್’ ಎಂದಿತ್ತು. ಅರ್ಥ ಹೊಳೆಯುತ್ತಿತ್ತು, ಆದರೆ ಬೇಕು ಎಂದಾಗ ಎಲ್ಲ ಪದವೂ ಬೇಕಾದ ಅರ್ಥವನ್ನೇ ಕೊಡುತ್ತದಲ್ಲ, ಹಾಗಾಗಿ ನನ್ನ ಮೇಲೇ ನಂಬಿಕೆ ಬರಲಿಲ್ಲ. ನಿಘಂಟು ವಾರ್ಡಿನಲ್ಲಿ ಉಳಿದಿತ್ತು. ಡಿಪೋದಿಂದ ಬಂದ ಇವರು ನನ್ನ ಮುಖ ನೋಡಿ ಪಕ್ಕದಲ್ಲಿ ನಿಂತರು. ಗೆರೆಯ ಮೇಲೆ ಬೆರಳಿಟ್ಟು ಓದಿದರು. ಮದುವೆಯಾದ ಮೇಲೆ ಇವರು ಇಂಗ್ಲಿಷ್ ಓದಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಓವರಾಲ್ ಅಂದ್ರೆ ನಾನು ಹಾಕ್ಕೊಂಡಿರೋದೇ,” ಅಂದರು. ಮೈಮೇಲೆ ಅದೇ ಇತ್ತು, ಕುತ್ತಿಗೆಯಿಂದ ಪಾದದವರೆಗೆ ಒಂದೇ ಆಗಿರುವ ನೀಲಿ ಬಟ್ಟೆ. “ಕೈಗೊಂದು ಕಾಲಿಗೊಂದು ಅಲ್ಲ. ಎಲ್ಲಕ್ಕೂ ಸೇರಿ ಒಂದು.”

ನಾಲ್ಕೂ ಕೂಡಿ ನಾಲ್ಕರಿಂದ ಭಾಗಿಸಿದರೆ ನನ್ನದು ಏಳರ ಮೇಲೆ ಚೂರು. ಪರೀಕ್ಷೆಯವರೇ ಕೆಳಗೆ ದಪ್ಪಕ್ಷರದಲ್ಲಿ ಏಳು ಎಂದು ಅಚ್ಚು ಹಾಕಿದ್ದಾರೆ.

ಸೋಮವಾರ ವಾರ್ಡು ಒಪ್ಪಿಸಲು ಹೋಗಲಿಲ್ಲ. ನೋಟಿಸು, ಅಂಕಪಟ್ಟಿ ಎರಡನ್ನೂ ಹಿಡಿದು ಆಡಳಿತಾಧಿಕಾರಿಯ ಮುಂದೆ ಕೂತೆ. ನಮ್ಮ ಉದ್ದೇಶ ನಾಲ್ಕರಲ್ಲೂ ಏಳು ಎಂದೇ ಇತ್ತು ಎಂದರು. “ಉದ್ದೇಶ ನಿಮ್ಮ ಮನಸ್ಸಲ್ಲಿದೆ ಸರ್. ನೋಟಿಸಿನಲ್ಲಿರೋದು ಈ ಪದ. ಇಂಗ್ಲಿಷ್ ಬರೋರಿಗೇ ವಾರ್ಡು ಅಂತ ನೀವೇ ಹೇಳಿದ್ದು. ನಾನು ಓದಿದೀನಿ, ನೀವೂ ಒಂದ್ಸಲ ಓದಿ,” ಅಂದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಬಹಳ ಹೊತ್ತು ಓದಿದರು. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದರು. ಹೇಳುವವರೆಗೆ ಬೀಗದಕೈ ನನ್ನಲ್ಲೇ ಇರುತ್ತದೆ ಎಂದು ಹೇಳಿ ಎದ್ದು ಬಂದೆ.

ನಿಮ್ಮ ಸೊಸೆ


ಮೇ 24

ಸೊಸೆಗೆ,

ನಲವತ್ತು ವರ್ಷದಲ್ಲಿ ಎಷ್ಟು ಓವರಾಲ್‌ಗಳನ್ನು ದಾಟಿಸಿದ್ದೇನೋ. ಒಂದು ಪದಕ್ಕೆ ಒಬ್ಬರ ಬದುಕು ಜೋತುಬಿದ್ದಿರಬಹುದು ಎಂದು ಎಣಿಸಿರಲಿಲ್ಲ. ಕಾಗುಣಿತ ಸರಿಯಿದೆಯೇ ಎಂದಷ್ಟೇ ನೋಡುತ್ತಿದ್ದೆ.

ಅರ್ಥ ಹೇಳಿದವನು ಅವನೆಂದು ಬರೆದಿದ್ದೀ. ಆ ಜಾಗವನ್ನು ಮತ್ತೆ ಮತ್ತೆ ಓದುತ್ತಿದ್ದೇನೆ.

ನನ್ನ ಕಾಗದದ ಬಗ್ಗೆ ಅವನು ಏನಾದರೂ ಅಂದನೆ? ಹೇಳಬಾರದೆಂದಿದ್ದರೆ ಹೇಳಬೇಡ.

ಮಾವ


ಜೂನ್ 7

ಮಾವನವರಿಗೆ,

ಆದೇಶ ಬಂತು. ‘ತಾತ್ಕಾಲಿಕ’ ಎಂಬ ಪದ ಹೋಯಿತು. ಮುಂದಿನ ವರ್ಷದಿಂದ ನೋಟಿಸನ್ನು ಬದಲಿಸುತ್ತಾರಂತೆ, ನಾಲ್ಕರಲ್ಲೂ ಏಳು ಎಂದು. ಬದಲಿಸಲಿ. ನಮ್ಮ ವಾರ್ಡಿನಿಂದ ಎಂಟು ಜನ ಕೂರುತ್ತೇವೆ ಎಂದಿದ್ದಾರೆ. ಅವತ್ತು ವಿದೇಶಕ್ಕೆ ಹೊರಟಳು ಎಂದು ನಕ್ಕವರೂ ಇದ್ದಾರೆ. ಉಚ್ಚಾರಣೆ ಹೇಳಿಕೊಡಲು ಆ ಹೊಸ ಹುಡುಗಿಯೇ ಮುಂದೆ ಬಂದಿದ್ದಾಳೆ. ದಿನಾ ಎರಡರಿಂದ ಮೂರರವರೆಗೆ ಓದಲು ಅನುಮತಿ ಕೊಡಿ ಎಂದು ಅರ್ಜಿ ಕೊಟ್ಟೆ, ಇಂಗ್ಲಿಷಿನಲ್ಲೇ. ಉತ್ತರ ಬಂದಿಲ್ಲ. ಬರುವವರೆಗೆ ಕಾಯುತ್ತಾ ಕೂರುವುದೇಕೆ ಎಂದು ಓದು ಶುರು ಮಾಡಿದ್ದೇವೆ. ಎಂಟು ಜನಕ್ಕೆ ಆಗುವಷ್ಟು ಲೇಖನ ಬೇಕು.

ಲೈನ್‌ಮ್ಯಾನ್ ಮನೆಗೆ ಹೋದ. ಹೋಗುವಾಗ ಎರಡು ಬೆರಳಲ್ಲಿ ಪೆನ್ನು ಹಿಡಿದು ರಿಜಿಸ್ಟರಿನಲ್ಲಿ ತಾನೇ ಸಹಿ ಹಾಕಿದ. ಹೆಬ್ಬೆಟ್ಟು ಸಾಕು ಎಂದವರ ಮಾತು ಕೇಳಲಿಲ್ಲ.

ನಿಮ್ಮ ಕಾಗದದ ಬಗ್ಗೆ ಇವರು ನನಗೆ ಏನೂ ಹೇಳಿಲ್ಲ. ಕೇಳಲೂ ಇಲ್ಲ ನಾನು. ನಿನ್ನೆ ಮಾತ್ರ, ಅಪ್ಪನ ಪ್ರೆಸ್ಸಿನ ಕಡೆಗೆ ಹೋಗುವ ಬಸ್ಸು ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿದರು. ಬಸ್ ಡಿಪೋದಲ್ಲಿ ಕೆಲಸ ಮಾಡುವವರು!

ಹಾಗಾಗಿ ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ನಿಮ್ಮ ಕೈಗೆ ಇದನ್ನು ಕೊಟ್ಟವರು ಇಷ್ಟು ಹೊತ್ತೂ ನಿಮ್ಮ ಬಾಗಿಲಲ್ಲೇ ನಿಂತಿರುತ್ತಾರೆ. ಓದಿದ್ದು ಸಾಕು, ಮೊದಲು ಒಳಗೆ ಕರೆಯಿರಿ.

ನಿಮ್ಮ ಸೊಸೆ